ರಾಜ್ಯಕ್ಕಿಂತ ಮೊದಲೇ ‘ಕರ್ನಾಟಕಿ’ಯಾದ ಅಮೀರಬಾಯಿ

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ನಾಮಕರಣವಾದದ್ದು 1973ರ ನವೆಂಬರ್ 1ರಂದು. ಅದಕ್ಕೆ ದಶಕಗಳ ಮೊದಲೇ ಮುಂಬಯಿಯ ಚಿತ್ರರಂಗದಲ್ಲಿ ಇಬ್ಬರು ಅಕ್ಕತಂಗಿಯರು ಆ ಹೆಸರನ್ನು ತಮ್ಮ ಹೆಸರಿನ ಜೊತೆ ಇಟ್ಟುಕೊಂಡಿದ್ದರು. ಅಕ್ಕ ಗೋಹರಬಾಯಿ ಕರ್ನಾಟಕಿ, ತಂಗಿ ಅಮೀರಬಾಯಿ ಕರ್ನಾಟಕಿ. ಆಗ ಭೂಪಟದಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಅವರ ಹುಟ್ಟೂರು ಬೀಳಗಿ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. ಇಂದು ಅದು ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಕೇಂದ್ರ.

ಹೆಸರಿನ ಈ ಸಂಗತಿ ಮೇಲ್ನೋಟಕ್ಕೆ ಸಣ್ಣದು. ಆದರೆ ಆ ಕಾಲದ ಗಾಯಕಿಯರ ಹೆಸರುಗಳನ್ನು ಒಮ್ಮೆ ಸಾಲಾಗಿ ನೋಡಿದರೆ ಅದರ ತೂಕ ತಿಳಿಯುತ್ತದೆ. ಗಂಗೂಬಾಯಿ ಹಾನಗಲ್, ಹೀರಾಬಾಯಿ ಬಡೋದೆಕರ್, ಕೇಸರಬಾಯಿ ಕೇರ್ಕರ್, ಮೊಗೂಬಾಯಿ ಕುರ್ಡೀಕರ್, ಜೊಹ್ರಾಬಾಯಿ ಅಂಬಾಲೇವಾಲಿ. ಇವರಲ್ಲಿ ಯಾರ ಹೆಸರಿನ ಮುಂದೆಯೂ ಗಂಡನ ಮನೆತನದ ಹೆಸರಿಲ್ಲ; ಇರುವುದು ಊರಿನ ಹೆಸರು. ಹಾಡುವುದನ್ನೇ ವೃತ್ತಿ ಮಾಡಿಕೊಂಡ ಹೆಣ್ಣುಮಕ್ಕಳಿಗೆ ಸಮಾಜ ಕೊಡಲು ಹಿಂಜರಿದ ಗುರುತನ್ನು ಊರು ಕೊಟ್ಟಿತು. ಈ ಪದ್ಧತಿಯಂತೆ ಅಮೀರಬಾಯಿ ಬೀಳಗಿಯ ಹೆಸರನ್ನೋ ವಿಜಾಪುರದ ಹೆಸರನ್ನೋ ಇಟ್ಟುಕೊಳ್ಳಬಹುದಿತ್ತು. ಆದರೆ ಸಂಗಾತಿಗಳೆಲ್ಲ ಒಂದೊಂದು ಊರಿನವರಾಗಿ ಗುರುತಿಸಿಕೊಂಡಾಗ ಈ ಸಹೋದರಿಯರು ಒಂದು ಇಡೀ ನಾಡಿನವರಾದರು. ಮರಾಠಿ, ಗುಜರಾತಿ, ಉರ್ದು, ಬಂಗಾಳಿ ಮಾತುಗಳೆಲ್ಲ ಕಲೆಯುತ್ತಿದ್ದ ಮುಂಬಯಿಯ ಸ್ಟುಡಿಯೋಗಳಲ್ಲಿ ಆ ಹೆಸರು ಕೇಳಿದೊಡನೆ ಇವರು ಯಾವ ಸೀಮೆಯವರೆಂದು ತಿಳಿಯುತ್ತಿತ್ತು. (ಅದೇ ಚಿತ್ರರಂಗದಲ್ಲಿದ್ದ ಮಾಸ್ಟರ್ ವಿನಾಯಕ ಅವರ ಮನೆತನದ ಹೆಸರೂ ಕರ್ನಾಟಕಿ. ಆದರೆ ಅದು ಕೊಲ್ಹಾಪುರದ ಬೇರೆಯೇ ಕುಟುಂಬ.)

ಅಮೀರಬಾಯಿ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ. ಮನೆಯಲ್ಲಿ ಐವರು ಹೆಣ್ಣುಮಕ್ಕಳು. ಮನೆಮಾತು ಕನ್ನಡ. ಮುಂಬಯಿ ಕರ್ನಾಟಕದ ಆ ಸೀಮೆಯಲ್ಲಿ ಆಗ ಕಂಪನಿ ನಾಟಕಗಳ ಭರಾಟೆ. ಕನ್ನಡ ಕಂಪನಿಗಳ ಜೊತೆಗೆ ಮರಾಠಿ ಕಂಪನಿಗಳೂ ಬಂದು ತಂಬು ಹೂಡುತ್ತಿದ್ದವು. ನಾಟ್ಯಸಂಗೀತದ ಪದಗಳು ಬೀದಿಯಲ್ಲಿ ಹೋಗುವವರ ಬಾಯಲ್ಲಿಯೂ ಇರುತ್ತಿದ್ದವು. ಕಿರಾಣಾ ಘರಾಣೆಯ ಸವಾಯಿ ಗಂಧರ್ವರು ಕುಂದಗೋಳದವರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಇದೇ ತಲೆಮಾರಿನವರು. ಇಂಥ ನೆಲದಲ್ಲಿ ಬೆಳೆದ ಹುಡುಗಿ ಹಾಡಿದ್ದು ಅಚ್ಚರಿಯಲ್ಲ. ಮೆಟ್ರಿಕ್ ಮುಗಿಸಿದ್ದು ಮಾತ್ರ ಅಚ್ಚರಿ. ಆ ಕಾಲಕ್ಕೆ, ಆ ಊರಿಗೆ, ಒಬ್ಬ ಮುಸ್ಲಿಂ ಹೆಣ್ಣುಮಗಳ ಮಟ್ಟಿಗೆ ಅದು ಸಾಮಾನ್ಯ ಸಾಧನೆಯಾಗಿರಲಿಲ್ಲ.

ಹದಿನೈದರ ಹರೆಯದಲ್ಲಿಯೇ ಅವರು ಮುಂಬಯಿಯ ದಾರಿ ಹಿಡಿದರು. ಅಕ್ಕ ಗೋಹರ್ ಅದಾಗಲೇ ಚಿತ್ರರಂಗಕ್ಕೆ ಕಾಲಿಟ್ಟಿದ್ದರು. ಅಕ್ಕನ ನೆರವಿನಿಂದಲೇ 1934ರ ‘ವಿಷ್ಣುಭಕ್ತಿ’ ಚಿತ್ರದಲ್ಲಿ ತಂಗಿಗೆ ಪಾತ್ರ ದೊರೆಯಿತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದೂ ಅದೇ ವರ್ಷ. ಅದರ ಚಿತ್ರೀಕರಣವೂ ಕೊಲ್ಹಾಪುರದಲ್ಲಿಯೇ ನಡೆದಿತ್ತು. ಹಾಡಬಲ್ಲ, ನಟಿಸಬಲ್ಲ ಕನ್ನಡದ ಹುಡುಗಿಗೆ ಕನ್ನಡದಲ್ಲಿ ಆಗ ಬದುಕು ಕಟ್ಟಿಕೊಡುವ ಉದ್ಯಮವೇ ಇರಲಿಲ್ಲ. ಹೀಗಾಗಿ ಅಮೀರಬಾಯಿ ಹಿಂದಿಗೆ ಹೋದರೆನ್ನುವುದಕ್ಕಿಂತ, ಇದ್ದ ಒಂದೇ ಬಾಗಿಲು ತಟ್ಟಿದರೆನ್ನುವುದು ಸರಿ.

ಅಕ್ಕನ ಕಥೆಯೂ ಇಲ್ಲಿ ಬರಲೇಬೇಕು. ಗೋಹರ್ ಎಂದೊಡನೆ ಕಲ್ಕತ್ತೆಯ ಗೌಹರ್ ಜಾನ್ ನೆನಪಾಗಬಹುದು. ಅವರು 1902ರಲ್ಲಿಯೇ ಗ್ರಾಮಫೋನ್‌ಗೆ ಹಾಡಿ, 1930ರಲ್ಲಿ ಮೈಸೂರಿನಲ್ಲಿ ಕಣ್ಮುಚ್ಚಿದ ಬೇರೆಯೇ ಮಹಾಗಾಯಕಿ. ಬೀಳಗಿಯ ಗೋಹರಬಾಯಿ ಬಾಲಗಂಧರ್ವರ ಗಾಯನದ ಆರಾಧಕಿ. ಹೆಣ್ಣಿನ ವೇಷ ತೊಟ್ಟು ಇಡೀ ಮಹಾರಾಷ್ಟ್ರವನ್ನು ಮರುಳು ಮಾಡಿದ್ದ ನಾರಾಯಣ ಶ್ರೀಪಾದ ರಾಜಹಂಸ, ಅಂದರೆ ಬಾಲಗಂಧರ್ವರು, ಆ ಹೊತ್ತಿಗೆ ಸಾಲದಲ್ಲಿ ಮುಳುಗಿದ್ದರು, ವಯಸ್ಸೂ ಮಾಗಿತ್ತು. 1938ರ ಸುಮಾರಿಗೆ ಗೋಹರ್ ಗಂಧರ್ವ ನಾಟಕ ಮಂಡಳಿ ಸೇರಿದರು. ಗಂಡಸರೇ ಹೆಣ್ಣಾಗುತ್ತಿದ್ದ ರಂಗದ ಮೇಲೆ ನಿಜವಾದ ಹೆಣ್ಣೊಬ್ಬಳು ಬಣ್ಣ ಹಚ್ಚಿದಳು. ಬ್ರಾಹ್ಮಣ ನಟ, ಮುಸ್ಲಿಂ ನಟಿ. ಮರಾಠಿ ರಸಿಕವರ್ಗ ಗೋಹರರನ್ನು ಸುಲಭವಾಗಿ ಕ್ಷಮಿಸಲಿಲ್ಲ. ಬಾಲಗಂಧರ್ವರ ಮೊದಲ ಪತ್ನಿ ತೀರಿಕೊಂಡ ಬಹುಕಾಲದ ನಂತರ, 1951ರಲ್ಲಿ, ಇಬ್ಬರೂ ಮದುವೆಯಾದರು. ಬಾಲಗಂಧರ್ವರ ಕಾಲುಗಳು ಸ್ವಾಧೀನ ತಪ್ಪಿದ ಮೇಲೆಯೂ ಗೋಹರ್ ಅವರ ಜೊತೆಗಿದ್ದರು. ಮರಾಠಿಯ ಕೆಲವು ಬರಹಗಳು ಆಕೆಯನ್ನು ಇಂದಿಗೂ ಖಳನಾಯಕಿಯಂತೆ ಚಿತ್ರಿಸುತ್ತವೆ. ಮುಪ್ಪಿನ ಆರೈಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತೀರ್ಪು ಅದು.

ತಂಗಿಯ ದಾರಿ ಬೇರೆ. ಆರಂಭದ ಏಳೆಂಟು ವರ್ಷ ಅಮೀರಬಾಯಿ ಸಣ್ಣಪುಟ್ಟ ಪಾತ್ರಗಳಲ್ಲಿ ನಟಿಸಿದರು, ಹಾಡಿದರು. ಹಿನ್ನೆಲೆ ಗಾಯನ ಆಗಷ್ಟೇ ಕಣ್ಣುಬಿಡುತ್ತಿದ್ದ ಕಾಲವದು. ಹಾಡು ಬರದವರಿಗೆ ತೆರೆಯ ಮೇಲೆ ಮುಖ್ಯಪಾತ್ರ ದಕ್ಕುವುದು ಕಷ್ಟ. ಹಾಡು ಬಂದರೂ ಮುಖಕ್ಕೆ ತಕ್ಕ ಅದೃಷ್ಟ ಬೇಕು. 1940ರಲ್ಲಿ ವಿಜಯ ಭಟ್ ಅವರ ‘ನರಸಿ ಭಗತ್’ ಬಂದಿತು. ‘ಸಂತ ತುಕಾರಾಮ್’ನಲ್ಲಿ ತುಕಾರಾಮನಾಗಿ ಮನೆಮಾತಾಗಿದ್ದ ವಿಷ್ಣುಪಂತ ಪಾಗನೀಸ್ ಇಲ್ಲಿ ನರಸಿ ಮೆಹ್ತಾ. ಆ ಚಿತ್ರದ ‘ವೈಷ್ಣವ ಜನತೋ’ ಭಜನೆಯಲ್ಲಿ ಅಮೀರಬಾಯಿಯ ಕಂಠವಿತ್ತು. ಆ ಭಜನೆಯ ಮೇಲೆ ಗಾಂಧೀಜಿಯವರಿಗಿದ್ದ ಪ್ರೀತಿ ಎಲ್ಲರಿಗೂ ತಿಳಿದದ್ದೇ. ಅಮೀರಬಾಯಿ ಹಾಡಿದ ರೂಪವನ್ನು ಅವರು ಮೆಚ್ಚಿದ್ದರೆಂಬ ಮಾತು ಅಂದಿನಿಂದಲೂ ಪ್ರಚಲಿತವಾಗಿದೆ. 1924ರ ಬೆಳಗಾವಿ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದ ಬಾಲಕಿ ಗಂಗೂಬಾಯಿ ಹಾನಗಲ್. ಉತ್ತರ ಕರ್ನಾಟಕದ ಈ ಇಬ್ಬರು ಬಾಯಿಯರ ದನಿ ಮಹಾತ್ಮರ ಕಿವಿಗೆ ತಲುಪಿದ ಬಗೆ ಬೇರೆ ಬೇರೆ, ಅಷ್ಟೆ.

ನಂತರ ಬಂತು ‘ಕಿಸ್ಮತ್’.

1943ರ ಜನವರಿಯಲ್ಲಿ ತೆರೆಕಂಡ ಬಾಂಬೆ ಟಾಕೀಸ್‌ನ ಈ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲಿಯೇ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಗ್ಯಾನ್ ಮುಖರ್ಜಿ ನಿರ್ದೇಶನ, ಅಶೋಕ್ ಕುಮಾರ್ ಮತ್ತು ಮುಮ್ತಾಜ್ ಶಾಂತಿ ಜೋಡಿ, ಕವಿ ಪ್ರದೀಪರ ಸಾಹಿತ್ಯ, ಅನಿಲ್ ಬಿಸ್ವಾಸರ ಸಂಗೀತ. ಚಿತ್ರದ ಹೆಚ್ಚಿನ ಹಾಡುಗಳು ಅಮೀರಬಾಯಿಯ ಪಾಲಿಗೆ ಬಂದವು. ಮೋಡವನ್ನು ಮೆಲ್ಲಗೆ ಬಾ ಎಂದು ಕರೆಯುವ ಹಾಡಿದೆ, ದೀಪಾವಳಿಯ ದಿನ ಒಂಟಿತನವನ್ನು ತೋಡಿಕೊಳ್ಳುವ ಹಾಡಿದೆ. ಪರಕೀಯರು ದೂರ ಸರಿಯಲಿ, ಹಿಂದುಸ್ತಾನ ನಮ್ಮದು ಎಂದು ಸಾರುವ ಸಮೂಹಗಾನವಿದೆ. ಅದರಲ್ಲಿ ಖಾನ್ ಮಸ್ತಾನಾ ಜೊತೆಗೆ ಮುಂದಾಳು ದನಿ ಇವರದೇ. ‘ಭಾರತ ಬಿಟ್ಟು ತೊಲಗಿ’ ಚಳವಳಿ ಭುಗಿಲೆದ್ದು ಆರು ತಿಂಗಳೂ ಆಗಿರಲಿಲ್ಲ. ನಾಯಕರು ಸೆರೆಯಲ್ಲಿದ್ದರು. ಹಾಡಿನಲ್ಲಿ ಜರ್ಮನಿ, ಜಪಾನ್‌ಗಳ ಹೆಸರಿದ್ದುದರಿಂದ ಇದು ಯುದ್ಧದ ಪರವಾದ ಪ್ರಚಾರವೆಂದು ಸೆನ್ಸಾರ್ ಬಿಟ್ಟುಕೊಟ್ಟಿತು. ಪ್ರೇಕ್ಷಕರಿಗೆ ಮಾತ್ರ ಯಾರನ್ನು ಕುರಿತ ಹಾಡೆಂಬುದರಲ್ಲಿ ಸಂಶಯವಿರಲಿಲ್ಲ. ಚಿತ್ರಮಂದಿರಗಳಲ್ಲಿ ರೀಲನ್ನು ಹಿಂದಕ್ಕೆ ಸುತ್ತಿಸಿ ಆ ಹಾಡನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದರು. ಪ್ರದೀಪರು ಬಂಧನದ ಭಯದಿಂದ ಕೆಲಕಾಲ ಮರೆಯಾಗಬೇಕಾಯಿತು.

‘ಕಿಸ್ಮತ್’ ನಾಯಕಿ ರಾಣಿಯ ಕಥೆಯನ್ನು ಇಲ್ಲಿ ನೆನೆಯಬೇಕು. ಆಕೆ ರಂಗದ ಮೇಲೆ ಕುಣಿಯುವ ಹುಡುಗಿ. ಕುಡುಕ ತಂದೆ ಹಣದ ಆಸೆಗೆ ಆಕೆಯನ್ನು ಕುಣಿಸಿ ಕುಣಿಸಿ ಕಾಲು ಕುಂಟಾಗುವಂತೆ ಮಾಡುತ್ತಾನೆ. ಹೆಣ್ಣಿನ ಸಂಪಾದನೆಯ ಮೇಲೆ ಕಣ್ಣಿಟ್ಟ ಗಂಡಸಿನಿಂದ ಹೆಣ್ಣಿಗೆ ಆಗುವ ಗತಿ ಅದು. ಆ ಪಾತ್ರಕ್ಕೆ ದನಿಯಾದ ಅಮೀರಬಾಯಿಯ ಸ್ವಂತ ಬದುಕಿನಲ್ಲಿಯೂ ಇದೇ ನಡೆಯಿತು. ಅವರ ಮೊದಲ ಪತಿ ಹಿಮಾಲಯವಾಲಾ ಎಂಬ ಹೆಸರಿನಿಂದ ಪರಿಚಿತನಾಗಿದ್ದ ನಟ. ತೆರೆಯ ಮೇಲೆ ಖಳ. ದುಡಿಮೆ ಹೆಂಡತಿಯದು, ಅನುಭೋಗ ಗಂಡನದು, ಜೊತೆಗೆ ಹೊಡೆತ ಬಡಿತ. ದೇಶವೇ ಗುನುಗುತ್ತಿದ್ದ ಕಂಠದ ಒಡತಿ ಮನೆಯಲ್ಲಿ ದನಿಯಡಗಿಸಿಕೊಂಡು ಬದುಕಬೇಕಾಯಿತು. ಕೊನೆಗೆ ಅಮೀರಬಾಯಿ ಆ ಸಂಬಂಧದಿಂದ ಬಿಡಿಸಿಕೊಂಡರು. ಆ ಕಾಲದ ಒಬ್ಬ ಚಿತ್ರನಟಿಗೆ ಇದು ಹೇಳಿದಷ್ಟು ಸುಲಭವಲ್ಲ. ಗಂಡನನ್ನು ಬಿಟ್ಟವಳೆಂಬ ಮಾತು ನಟಿಯ ಬೆನ್ನಿಗೆ ಇನ್ನೂ ಬೇಗ ಅಂಟುತ್ತಿತ್ತು.

ವಿಭಜನೆಯ ನಂತರ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಚಿತ್ರಗಳಲ್ಲಿ ನಟಿಸಿದ. ನೂರ್‌ಜಹಾನ್ ಕೂಡ 1947ರಲ್ಲಿ ಲಾಹೋರಿನತ್ತ ಹೊರಟುಹೋದರು. ಅಮೀರಬಾಯಿ ಮುಂಬಯಿಯಲ್ಲಿಯೇ ಉಳಿದರು. ಮುಂದೆ ‘ಪಾರಸ್’ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ವರಿಸಿದರು. ಎರಡನೆಯ ದಾಂಪತ್ಯ ಸುದ್ದಿಯಾಗಲಿಲ್ಲ. ಚಿತ್ರರಂಗದಲ್ಲಿ ಸುದ್ದಿಯಾಗದ ದಾಂಪತ್ಯವೆಂದರೆ ಬಹುಮಟ್ಟಿಗೆ ನೆಮ್ಮದಿಯದು.

ಅವರ ಹಾಡುಗಾರಿಕೆಯ ರುಚಿ ಎಂಥದ್ದು? ಅಮೀರಬಾಯಿಯದು ತೆಳುವಾದ ಕಂಠವಲ್ಲ. ಸ್ವಲ್ಪ ಮೂಗಿನ ಎಳೆ ಬೆರೆತ, ನೆಲದ ಭಾರವಿದ್ದ ದನಿ. ಠುಮರಿಯ ಬಳುಕು, ರಂಗಗೀತೆಯ ಗಟ್ಟಿ ಉಚ್ಚಾರ ಎರಡೂ ಅದರಲ್ಲಿ ಕೂಡಿದ್ದವು. ದುಃಖವನ್ನು ಹಾಡುವಾಗಲೂ ಅಳುವುದಿಲ್ಲ. ಅದನ್ನು ಎದುರಿಗಿಟ್ಟು ತೋರಿಸಿದಂತೆ ಇರುತ್ತದೆ. ಆಗಿನ ಧ್ವನಿಮುದ್ರಣದಲ್ಲಿ ತುಂಡು ತುಂಡಾಗಿ ಹಾಡಿ ಜೋಡಿಸುವ ಅನುಕೂಲವಿರಲಿಲ್ಲ. ವಾದ್ಯಗಾರರೆಲ್ಲ ಕೂಡಿದ ಕೋಣೆಯಲ್ಲಿ ಒಂದೇ ಉಸಿರಿನ ಕೆಲಸ. 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವ ಮೂರು ಚಿಲ್ಲರೆ ನಿಮಿಷಗಳಲ್ಲಿ ಎಲ್ಲವೂ ಮುಗಿಯಬೇಕು. ರಂಗದ ಹಾಡುಗಾರಿಕೆಯ ಗರಡಿಯಲ್ಲಿ ಪಳಗಿದವರಿಗೆ ಅದು ಕಷ್ಟವೆನಿಸುತ್ತಿರಲಿಲ್ಲ.

ಖೇಮಚಂದ್ ಪ್ರಕಾಶರ ‘ಭರ್ತೃಹರಿ’ (1944), ನೌಷಾದರ ‘ರತನ್’ (1944), ಮತ್ತೆ ಖೇಮಚಂದರ ‘ಸಿಂದೂರ್’ (1947), ಸಿ. ರಾಮಚಂದ್ರರ ‘ಶೆಹನಾಯಿ’ (1947). ಹೀಗೆ ಆ ದಶಕದ ದೊಡ್ಡ ಸಂಗೀತ ನಿರ್ದೇಶಕರೆಲ್ಲ ಅವರಿಂದ ಹಾಡಿಸಿದರು. ‘ಭರ್ತೃಹರಿ’ಯಲ್ಲಿ ಸುರೇಂದ್ರರ ಜೊತೆ ಹಾಡಿದ ಭಿಕ್ಷೆಯ ಹಾಡು, ‘ಸಿಂದೂರ್’ನಲ್ಲಿ ಮುನಿಸಿಕೊಂಡ ದೇವರನ್ನು ಒಲಿಸಲು ಹಂಬಲಿಸುವ ಹಾಡು ಇಂದಿಗೂ ಹಳೆಯ ಹಾಡುಗಳ ರಸಿಕರಿಗೆ ಪ್ರಿಯ. ಗುಜರಾತಿಯ ‘ರಾಣಕದೇವಿ’ (1946) ಚಿತ್ರಕ್ಕೂ ಅವರು ಹಾಡಿದರು. ಗುಜರಾತಿ ಅವರಿಗೆ ಕನ್ನಡದಷ್ಟೇ ಸಲೀಸು ಎನ್ನುತ್ತಿದ್ದರು. 1948ರಲ್ಲಿ ವಾಡಿಯಾ ಮೂವಿಟೋನ್‌ನ ‘ಶಹನಾಜ್’ ಚಿತ್ರಕ್ಕೆ ಸ್ವತಃ ಸಂಗೀತ ನಿರ್ದೇಶನ ಮಾಡಿದರು. ಜದ್ದನ್‌ಬಾಯಿ, ಸರಸ್ವತಿ ದೇವಿ ಮೊದಲಾದ ಬೆರಳೆಣಿಕೆಯ ಮಹಿಳೆಯರಷ್ಟೇ ಅದುವರೆಗೆ ಆ ಕುರ್ಚಿಯಲ್ಲಿ ಕೂತಿದ್ದರು. ಬೀಳಗಿಯ ಹುಡುಗಿ ಆ ಸಾಲಿಗೆ ಸೇರಿದ್ದನ್ನು ಕನ್ನಡದ ಪತ್ರಿಕೆಗಳು ಇನ್ನಷ್ಟು ಸಂಭ್ರಮಿಸಬೇಕಿತ್ತು.

ಇನ್ನು ಭಕ್ತಿಗೀತೆಗಳ ಮಾತು. ಅಮೀರಬಾಯಿ ತಮ್ಮ ಹೆಸರು ಮರೆಮಾಚಲಿಲ್ಲ, ಬದಲಿಸಿಕೊಳ್ಳಲೂ ಇಲ್ಲ. ಅದೇ ಕಾಲದಲ್ಲಿ ಮುಮ್ತಾಜ್ ಜಹಾನ್ ಎಂಬ ಹುಡುಗಿ ಮಧುಬಾಲಾ ಆದರು, ಯೂಸುಫ್ ಖಾನ್ ದಿಲೀಪ್ ಕುಮಾರ್ ಆದರು. ಇವರು ಅಮೀರಬಾಯಿಯಾಗಿಯೇ ನರಸಿ ಮೆಹ್ತಾನ ಭಜನೆಯನ್ನೂ ಭರ್ತೃಹರಿಯ ವೈರಾಗ್ಯವನ್ನೂ ಹಾಡಿದರು. ಸೂಫಿ ದರ್ಗಾಗಳಲ್ಲಿ ಎಲ್ಲ ಜಾತಿಯ ಜನ ಹಣೆ ಮಣಿಯುವ, ಮೊಹರಮ್ ಪದಗಳನ್ನು ಹಿಂದೂಗಳೂ ಹಾಡುವ ವಿಜಾಪುರದ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣದಿರಬಹುದು. ವಿಭಜನೆಯ ಹಿಂದುಮುಂದಿನ ಮುಂಬಯಿಯಲ್ಲಿ ಅದು ವಿಶೇಷವೇ ಆಗಿತ್ತು.

1949ರಲ್ಲಿ ‘ಮಹಲ್’, ‘ಬರ್ಸಾತ್’, ‘ಅಂದಾಜ್’ ಒಂದರ ಹಿಂದೊಂದರಂತೆ ಬಂದವು. ಲತಾ ಮಂಗೇಶ್ಕರ್ ಎಂಬ ತೆಳ್ಳನೆಯ, ಎತ್ತರದ ದನಿ ಎಲ್ಲೆಡೆ ಹರಡಿತು. ಅಮೀರಬಾಯಿ, ಜೊಹ್ರಾಬಾಯಿ, ರಾಜಕುಮಾರಿಯರ ಭಾರವಾದ ಕಂಠಗಳು ಎರಡು ಮೂರು ವರ್ಷಗಳಲ್ಲಿ ಹಿಂದೆ ಸರಿದವು. ಆ ಹೊರಳುದಾರಿಯನ್ನು ಒಂದೇ ಹಾಡಿನಲ್ಲಿ ಕೇಳಬೇಕೆಂದರೆ 1950ರ ‘ಸಮಾಧಿ’ ಚಿತ್ರದ ‘ಗೋರೆ ಗೋರೆ’ ಕೇಳಬೇಕು. ಆಜಾದ್ ಹಿಂದ್ ಫೌಜಿನ ಹಿನ್ನೆಲೆಯ ಆ ಚಿತ್ರದಲ್ಲಿ ನಳಿನಿ ಜಯವಂತ್ ಮತ್ತು ಕುಲದೀಪ್ ಕೌರ್ ವೇದಿಕೆಯ ಮೇಲೆ ಕುಣಿಯುತ್ತಾರೆ. ನಳಿನಿಗೆ ಲತಾ, ಕುಲದೀಪ್‌ಗೆ ಅಮೀರಬಾಯಿ. ಬರುವವರೂ ಹೋಗುವವರೂ ಒಂದೇ ಮೈಕಿನ ಮುಂದೆ.

ಸಿ. ರಾಮಚಂದ್ರರು ಆ ಹಾಡಿನ ಧಾಟಿಗೆ ಪ್ರೇರಣೆ ಪಡೆದದ್ದು ಬಹುದೂರದಿಂದ. 1945ರ ಹಾಲಿವುಡ್ ಚಿತ್ರ ‘ಡಾಲ್ ಫೇಸ್’ನಲ್ಲಿ ಕಾರ್ಮೆನ್ ಮಿರಾಂಡಾ ಹಾಡಿದ ‘ಚಿಕೊ ಚಿಕೊ’ ಅದರ ಮೂಲ. ತಲೆಯ ಮೇಲೆ ಹಣ್ಣಿನ ಬುಟ್ಟಿಯಂಥ ಮುಂಡಾಸು, ಎತ್ತರದ ಅಟ್ಟೆಯ ಪಾದರಕ್ಷೆ, ಕಣ್ಣು ಕುಣಿಸುವ ಹಾಡು: ಲ್ಯಾಟಿನ್ ಅಮೆರಿಕದ ಸಂಗೀತಕ್ಕೆ ಜಗತ್ತು ಮೊದಲು ಗುರುತಿಸಿದ ಮುಖ ಅದು. 1909ರಲ್ಲಿ ಪೋರ್ಚುಗಲ್ಲಿನಲ್ಲಿ ಹುಟ್ಟಿದ ಕಾರ್ಮೆನ್ ಬೆಳೆದದ್ದು ಬ್ರೆಜಿಲ್ಲಿನ ರಿಯೊ ನಗರದಲ್ಲಿ. ತಂದೆ ಕ್ಷೌರಿಕ, ಹುಡುಗಿ ಟೋಪಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಂಗಿ ಔರೋರಾಳೂ ಗಾಯಕಿ. ನಲವತ್ತರ ದಶಕದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸುತ್ತಿದ್ದ ಮಹಿಳೆಯರಲ್ಲಿ ಆಕೆ ಒಬ್ಬಳು. 1940ರಲ್ಲಿ ತವರಿಗೆ ಬಂದು ಹಾಡಿದಾಗ ಮಾತ್ರ, ಅಮೆರಿಕದವಳಾಗಿಬಿಟ್ಟಳೆಂಬ ಮುನಿಸಿನಿಂದ ರಿಯೊದ ಗಣ್ಯರು ತಣ್ಣಗೆ ಕುಳಿತರು. 1947ರಲ್ಲಿ ನಿರ್ಮಾಪಕ ಡೇವಿಡ್ ಸೆಬಾಸ್ಟಿಯನ್‌ನನ್ನು ಮದುವೆಯಾದಳು, ದಾಂಪತ್ಯ ಸುಖದ್ದಾಗಿರಲಿಲ್ಲ. 1955ರಲ್ಲಿ, 46ನೆಯ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಾಗ ದೇಹವನ್ನು ವಿಮಾನದಲ್ಲಿ ರಿಯೊಗೆ ತಂದರು. ಅಂದು ತಣ್ಣಗಿದ್ದ ಊರು ಲಕ್ಷಗಟ್ಟಲೆ ಜನರಾಗಿ ಬೀದಿಗಿಳಿಯಿತು. ಒಂದೇ ಧಾಟಿಯನ್ನು ಹಾಡಿದ ಈ ಇಬ್ಬರು ಹೆಂಗಸರ ಬದುಕಿನಲ್ಲಿ ಹೋಲಿಕೆಗಳು ಸಾಕಷ್ಟಿವೆ. ಲಕ್ಷಗಟ್ಟಲೆ ಜನ ಬೀದಿಗಿಳಿದದ್ದು ಮಾತ್ರ ಒಬ್ಬರಿಗಾಗಿ.

ಹಾಡುಗಳು ಕಡಿಮೆಯಾದ ಮೇಲೆ ಅಮೀರಬಾಯಿ ಮತ್ತೆ ಪೋಷಕ ಪಾತ್ರಗಳಿಗೆ ಮರಳಿದರು. ತಾಯಿ, ಅತ್ತೆ, ನೆರೆಮನೆಯಾಕೆಯಂಥ ಪಾತ್ರಗಳು. ಬಹುಪಾಲು ಗಾಯಕಿಯರಂತೆ ಪೂರ್ತಿ ಮರೆಗೆ ಸರಿಯಲಿಲ್ಲ, ನಟನೆ ಕೈಹಿಡಿದಿತ್ತು. ಹಾಗೆಯೇ, ಗಳಿಸಿದ್ದನ್ನೆಲ್ಲ ಕಳೆದುಕೊಂಡು ಚಾಳಿನ ಕೋಣೆಯಲ್ಲಿ ಕೊನೆಯುಸಿರೆಳೆದ ತಾರೆಯರ ಪಟ್ಟಿಗೂ ಅವರು ಸೇರಲಿಲ್ಲ. ಗಳಿಕೆಯ ಒಂದು ಪಾಲು ವಿಜಾಪುರಕ್ಕೆ ಬಂದು ಚಿತ್ರಮಂದಿರವಾಗಿತ್ತು: ಅಮೀರ್ ಟಾಕೀಸ್. ಅದನ್ನು ಕುಟುಂಬದವರು ನಡೆಸಿದರು. ಗಂಡನ ಕೈಗೆ ಸಿಕ್ಕು ಒಮ್ಮೆ ಕರಗಿಹೋಗಿದ್ದ ಸಂಪಾದನೆಯನ್ನು ಎರಡನೆಯ ಬಾರಿ ಎಲ್ಲಿ ಇಡಬೇಕೆಂದು ಅವರು ಅರಿತಿದ್ದರು. ತಮ್ಮ ದನಿ ಊರೂರಿಗೆ ತಲುಪಿದ್ದ ಮಾಧ್ಯಮವನ್ನೇ ತಮ್ಮ ಸೀಮೆಯ ಜನರಿಗೆ ತಂದುಕೊಟ್ಟರು.

ಹಳೆಯ ಮೈಸೂರಿನ ಕಡೆಯವರಿಗೆ ಅವರ ದನಿ ತಲುಪಿದ್ದು ಹೆಚ್ಚಾಗಿ ರೇಡಿಯೋದಿಂದ. 1952ರಲ್ಲಿ ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕಡಿವಾಣ ಹಾಕಿದಾಗ ಕೇಳುಗರೆಲ್ಲ ರೇಡಿಯೋ ಸಿಲೋನ್‌ಗೆ ತಿರುಗಿದರು. ಆ ಕೇಂದ್ರದ ಬೆಳಗಿನ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮ ಕಡೂರು ತಾಲ್ಲೂಕಿನ ಪಂಚನಹಳ್ಳಿಯಂಥ ಬಯಲುಸೀಮೆಯ ಊರಿಗೂ ಕೇಳಿಸುತ್ತಿತ್ತು. ಉದ್ಘೋಷಕರು ಅಮೀರಬಾಯಿ ಕರ್ನಾಟಕಿ ಎಂದಾಗ ಎಷ್ಟು ಮಂದಿ ಅದನ್ನು ನಮ್ಮ ನಾಡಿನ ಹೆಸರೆಂದು ಗಮನಿಸಿದರೋ! ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯುವ ಕೆಲಸವೂ ಕೊನೆಗೆ ಅದೇ ಸೀಮೆಯವರೊಬ್ಬರಿಂದ ಆಯಿತು. ತರೀಕೆರೆ ತಾಲ್ಲೂಕಿನ ಸಮತಳ ಗ್ರಾಮದಲ್ಲಿ ಹುಟ್ಟಿ, ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆ ಸೂಫಿಗಳನ್ನು, ನಾಥಪಂಥವನ್ನು ಅರಸಿ ತಿರುಗಿದಂತೆಯೇ ಈ ಗಾಯಕಿಯ ಜಾಡನ್ನೂ ಹಿಡಿದು ಹೊರಟರು. ಅವರ ಪುಸ್ತಕ ಬರುವವರೆಗೆ ‘ಕನ್ನಡ ಕೋಗಿಲೆ’ ಎಂಬ ಬಿರುದಿನಾಚೆಗೆ ಈ ಕೋಗಿಲೆಯ ಬಗ್ಗೆ ಕನ್ನಡದಲ್ಲಿ ಓದಲು ಸಿಗುತ್ತಿದ್ದುದು ಬಹಳ ಕಡಿಮೆ.

ಅಕ್ಕ ಗೋಹರಬಾಯಿ 1964ರಲ್ಲಿ ತೀರಿಕೊಂಡರು. ಮರುವರ್ಷವೇ ಅಮೀರಬಾಯಿ ಪಾರ್ಶ್ವವಾಯುವಿಗೆ ತುತ್ತಾದರು. ನಾಲ್ಕೇ ದಿನ. 1965ರ ಮಾರ್ಚ್ 3ರಂದು ಕೊನೆಯುಸಿರೆಳೆದರು. ಬದುಕಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದ ಅವರನ್ನು ಮಣ್ಣು ಮಾಡಿದ್ದು ಅಲ್ಲಲ್ಲ, ವಿಜಾಪುರದಲ್ಲಿ.